ಓಣಿಯಲ್ಲಿ ಸಿಕ್ಕಿಬಿದ್ದ ಕೆಟಲ್

ಓಣಿಯವರು ಅವಳನ್ನು ಕೆಟಲಕ್ಕ ಎಂದು ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಗಂಡನಿಗಾದರೂ ನೆನಪಿತ್ತೋ ಇಲ್ಲವೋ. ಅವನು 'ಲೇ' ಎನ್ನುವುದರಲ್ಲೇ ಇಡೀ ಸಂಸಾರ ನಡೆಸಿದವನು. ಅವಳಿಗೆ ಆ ಹೆಸರು ಬಂದದ್ದು ಅವಳ ಗಾಡಿಯಿಂದ. ಗಾಡಿ ಎಂದರೆ ಅಂತಿಂಥ ಗಾಡಿಯಲ್ಲ. ಹಳೆಯ ಮಿನಿ ಬಸ್ಸಿನ ಚಾಸಿಯ ಮೇಲೆ ಕೂರಿಸಿದ, ಒಳಗೆ ಮೂವರು ನಿಂತು ಅಡುಗೆ ಮಾಡುವಷ್ಟು ದೊಡ್ಡದಾದ ಒಂದು ಚಹಾದ ಕೆಟಲ್. ಗುಂಡಗಿನ ಹೊಟ್ಟೆ, ಮುಂದೆ ಡ್ರೈವರ್ ತಲೆಯ ಮೇಲಿಂದ ಚಾಚಿಕೊಂಡ ಬಾಗಿದ ಮೂತಿ, ಹಿಂದೆ ಕಮಾನಿನಂಥ ಹಿಡಿ, ನೆತ್ತಿಯ ಮೇಲೆ, ಹಿಡಿದೆತ್ತಲು ಗುಂಡು ಗುಬಟು ಇರುವ ಮುಚ್ಚಳ. ಒಳಗೆ ನೀರು ಕುದಿ ಬಂದಾಗ ಹಬೆ ಕೊಳವೆಯಲ್ಲಿ ಹಾದು ಮೂತಿಯಿಂದಲೇ ಹೊರಬರುತ್ತಿತ್ತು. ಬಸ್ ನಿಲ್ದಾಣದ ಎದುರು ಆ ಹಬೆ ಕಂಡರೆ ಸಾಕು, ಅವಸರದಲ್ಲಿದ್ದವರ ಕಾಲೂ ನಿಧಾನವಾಗುತ್ತಿತ್ತು.

ಅದನ್ನು ಕಟ್ಟಿದವನು ಗಂಡ. ಬಸ್ಸಿನ ಬಾಡಿ ಕಟ್ಟುವ ಶೆಡ್ಡಿನಲ್ಲಿ ಮೇಸ್ತ್ರಿಯಾಗಿದ್ದವನು; ಓಣಿಯಲ್ಲೂ ಅವನಿಗೆ ಮೇಸ್ತ್ರಿ ಎಂದೇ ಹೆಸರು. ಜೀವನವಿಡೀ ಚೌಕಾಕಾರದ ಬಸ್ಸುಗಳನ್ನೇ ಕಟ್ಟಿ ಕಟ್ಟಿ ಬೇಸತ್ತಿದ್ದ. ಅವಳ ತಮ್ಮ ಸರಕು ಹಡಗಿನಲ್ಲಿ ಅಡುಗೆಯವ. ಹೋದ ಹೋದ ಬಂದರಿನಿಂದ ಭಾವನಿಗೆ ಫೋಟೋ ಕಳಿಸುತ್ತಿದ್ದ. ಒಂದು ಕಡೆ ಬೂಟಿನ ಆಕಾರದ ಗಾಡಿ, ಅದರ ಲೇಸು ಎಳೆದರೆ ಊಟದ ಕಿಟಕಿ ತೆರೆದುಕೊಳ್ಳುತ್ತದೆ. ಇನ್ನೊಂದು ಕಡೆ ನಿಂಬೆಹಣ್ಣಿನಂಥ ಗುಂಡು ಗಾಡಿ. ಮತ್ತೆಲ್ಲೋ ಬಾಯಿ ತೆರೆದ ಮೀನು, ಅದರ ಕೆಳದವಡೆಯೇ ತಟ್ಟೆ ಇಡುವ ಕಟ್ಟೆ. ಹಳೆಯ ಅಗ್ನಿಶಾಮಕ ವಾಹನವೊಂದರ ಏಣಿಯ ಮೇಲೆ ಜನ ಸಾಲಾಗಿ ಕೂತು ತಿನ್ನುತ್ತಿದ್ದರು. ಮೇಸ್ತ್ರಿ ಅವನ್ನೆಲ್ಲ ಶೆಡ್ಡಿನ ಗೋಡೆಗೆ ಅಂಟಿಸಿ, ಊಟದ ಹೊತ್ತಿನಲ್ಲಿ ಬುತ್ತಿ ಬಿಚ್ಚಿಕೊಂಡು ಅವುಗಳ ಮುಂದೆ ಕೂರುತ್ತಿದ್ದ. ಬೆಸುಗೆ ಎಲ್ಲಿ ಹಾಕಿದ್ದಾರೆ, ಭಾರ ಎಲ್ಲಿ ಇಳಿಯುತ್ತದೆ ಎಂದು ತನ್ನಷ್ಟಕ್ಕೆ ಗೊಣಗುತ್ತಿದ್ದ.

ಅವಳು ಅಡುಗೆ ಮಾಡುತ್ತಿದ್ದ ನೂಲಿನ ಗಿರಣಿ ಮುಚ್ಚಿದಾಗ, ಕ್ಯಾಂಟೀನಿನ ಸೌಟು ಸಹಿತ ಮನೆಗೆ ಬಂದು ಮೂಲೆಯಲ್ಲಿ ಕೂತಳು. ಮಾರನೆಯ ದಿನದಿಂದ ಹಿತ್ತಲಲ್ಲಿ ಸುತ್ತಿಗೆಯ ಸದ್ದು ಶುರುವಾಯಿತು. "ಏನ್ರೀ ಅದು?" ಎಂದರೆ, "ನಿನ್ನ ಹಾಗೇ ಗುಂಡಗೆ ಏನೋ ಒಂದು" ಎಂದ. ಅವಳು ತಗಡು ಹಿಡಿದುಕೊಂಡಳು, ಅವನು ಬೆಸೆದ. ಕೆಟಲ್ ಎದ್ದು ನಿಂತಾಗ ಓಣಿಯ ಜನವೆಲ್ಲ ನೋಡಲು ಬಂದಿತ್ತು. ಅವಳು ಆ ವಯಸ್ಸಿನಲ್ಲಿ ಗಾಡಿ ಓಡಿಸುವುದನ್ನು ಕಲಿತಳು. ವರ್ಷಗಟ್ಟಲೆ ಚಹಾ, ಸೂಪು, ರೊಟ್ಟಿ, ಬೇಯಿಸಿದ ಮೊಟ್ಟೆ ಮಾರಿದಳು. ಅಷ್ಟರಲ್ಲಿ ವೆಲ್ಡಿಂಗ್ ಹೊಗೆ, ಬಣ್ಣದ ಗಾಳಿ ಮೇಸ್ತ್ರಿಯ ಎದೆಯನ್ನು ತಿಂದು ಹಾಕಿದ್ದವು. ನಾಲ್ಕು ಹೆಜ್ಜೆ ನಡೆದರೆ ಗೋಡೆ ಹಿಡಿದು ನಿಲ್ಲುತ್ತಿದ್ದ. ಇನ್ನು ಬೆಂಕಿಯ ಹತ್ತಿರ ಸುಳಿಯಕೂಡದು ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಇಬ್ಬರ ಬದುಕೂ ಆ ಕೆಟಲಿನ ಮೇಲೆಯೇ ನಿಂತಿತು.

ಓಣಿಯ ಒಂದು ತುದಿಗೆ ದೊಡ್ಡ ರಸ್ತೆ. ಇನ್ನೊಂದು ತುದಿಗೆ ಕಾಲುವೆಯ ಗೋಡೆ, ಅದಕ್ಕೆ ಒರಗಿಕೊಂಡು ಒಂದು ಗೋದಾಮು. ಗೋದಾಮಿಗೆ ಲಾರಿಗಳು ಬರುತ್ತಿದ್ದವು. ಓಣಿ ಕಿರಿದು, ಲಾರಿ ಅಗಲ. ಒಂದು ಬಂತೆಂದರೆ ಜನ ಬಾಗಿಲ ಚೌಕಟ್ಟಿಗೆ ಅಂಟಿಕೊಂಡು ನಿಲ್ಲಬೇಕು. ಹೀಗೆ ಅಂಟಿಕೊಂಡು ನಿಲ್ಲಲು ಒಂದು ದಿನ ಟೈಲರಮ್ಮನ ಮಗಳಿಗೆ ಪುರಸೊತ್ತಾಗಲಿಲ್ಲ. ಶಾಲೆಯ ಚೀಲ ಬೆನ್ನಿಗಿತ್ತು. ಲಾರಿಯವನು ಹಿಂದಕ್ಕೆ ಬರುತ್ತಿದ್ದ, ಅವನಿಗೆ ಕಾಣಲೇ ಇಲ್ಲವಂತೆ.

ಟೈಲರಮ್ಮ ಗಂಡನಿಲ್ಲದವಳು, ಆ ಒಬ್ಬಳೇ ಮಗಳು. ಅವಳು ಅತ್ತದ್ದನ್ನು ಯಾರೂ ನೋಡಲಿಲ್ಲ. ಒಂದು ಬೆಳಿಗ್ಗೆ ಹೊಲಿಗೆ ಯಂತ್ರವನ್ನು ಎಳೆದುಕೊಂಡು ಬಂದು ಓಣಿಯ ಬಾಯಿಯಲ್ಲಿ, ರಸ್ತೆಯ ನಟ್ಟನಡುವೆ ಇಟ್ಟು, ಕೂತು ಹೊಲಿಯತೊಡಗಿದಳು. ಲಾರಿಗಳು ಬಂದವು, ಹಾರನ್ ಹೊಡೆದವು. ಅವಳು ತಲೆ ಎತ್ತಲಿಲ್ಲ. ವಾರಗಳು ಕಳೆದರೂ ಅಲ್ಲಿಂದ ಏಳಲಿಲ್ಲ. ಕೆಟಲ್ ಹೊರಗೆ ಹೋಗುವ ಹೊತ್ತಿಗೆ ಮಾತ್ರ ಎದ್ದು ಯಂತ್ರವನ್ನು ಪಕ್ಕಕ್ಕೆ ಎಳೆಯುತ್ತಿದ್ದಳು. ಕೆಟಲಕ್ಕ ಗಾಡಿ ನಿಲ್ಲಿಸಿ ದಿನದ ಮೊದಲ ಲೋಟವನ್ನು ಅವಳ ಕೈಗಿಟ್ಟೇ ಮುಂದೆ ಹೋಗುತ್ತಿದ್ದಳು. ಓಣಿಗೆ ಲಾರಿ ನುಗ್ಗದಂತೆ ಮೇಲೆ ಕಬ್ಬಿಣದ ತೊಲೆ ಅಡ್ಡ ಹಾಕಿ ಎಂದು ಪಾಲಿಕೆಯ ಕಚೇರಿಯ ಮುಂದೆ ಓಣಿಯವರೆಲ್ಲ ಹೋಗಿ ನಿಂತ ದಿನ, ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವಳು ಕೆಟಲಕ್ಕನೇ. ಆಮೇಲೆ ಎರಡು ದಿನ ಅವಳ ಗಂಟಲು ಕಟ್ಟಿತ್ತು.

ಪಾಲಿಕೆಯವರು ಕೊನೆಗೂ ಬಂದರು. ಆ ದಿನ ಕೆಟಲಿನ ಚಕ್ರದ ಬೇರಿಂಗ್ ಹೋಗಿ ಗಾಡಿ ಹಿತ್ತಲಲ್ಲಿ ನಿಂತಿತ್ತು. ಓಣಿಯ ಬಾಯಿಯ ಎರಡೂ ಕಡೆ ಕಂಬ ನೆಟ್ಟು, ಹಳದಿ ಕಪ್ಪು ಪಟ್ಟೆಯ ತೊಲೆಯನ್ನು ಅಡ್ಡ ಕೂರಿಸಿ, ಬೋಲ್ಟು ಬಿಗಿದು, ಬೋಲ್ಟಿನ ಮೇಲೆ ಬೆಸುಗೆಯನ್ನೂ ಹಾಕಿದರು. ಜನ ಚಪ್ಪಾಳೆ ತಟ್ಟಿದರು. ಟೈಲರಮ್ಮ ತೊಲೆಯ ಕೆಳಗೆ ನಿಂತು ಒಂದು ಸಲ ಮೇಲೆ ನೋಡಿ, ಯಂತ್ರವನ್ನು ಮನೆಗೆ ಎಳೆದುಕೊಂಡು ಹೋದಳು. ಕೆಟಲಕ್ಕ ಕೆಲಸಗಾರರಿಗೆಲ್ಲ ಚಹಾ ಹಂಚಿ ಖಾಲಿ ಲೋಟಗಳನ್ನು ಹೊತ್ತು ಬಂದಾಗ, ಮೇಸ್ತ್ರಿ ಜಗಲಿಯ ಮೇಲೆ ಕೂತು ಒಮ್ಮೆ ತೊಲೆಯ ಕಡೆ, ಒಮ್ಮೆ ಹಿತ್ತಲ ಕಡೆ ನೋಡುತ್ತಿದ್ದ.

"ಲೇ, ನಮ್ಮ ಕೆಟಲ್ ಎತ್ತರ ಎಷ್ಟು ಅಂತ ಗೊತ್ತಾ ನಿನಗೆ?"

ಅವಳು ಲೋಟಗಳನ್ನು ಜಗಲಿಯ ಮೇಲಿಟ್ಟು ತೊಲೆಯ ಕಡೆ ತಿರುಗಿದಳು. ಅಷ್ಟು ದಿನ ಕೂಗಿದ್ದರಲ್ಲಿ, ಓಡಾಡಿದ್ದರಲ್ಲಿ, ಈ ಮಾತು ಒಬ್ಬರಿಗೂ ಹೊಳೆದಿರಲಿಲ್ಲ. ಅವಳಿಗೂ ಹೊಳೆದಿರಲಿಲ್ಲ.

ಮರುದಿನ ಬೇರಿಂಗ್ ಹಾಕಿಸಿ ಗಾಡಿಯನ್ನು ಮೆಲ್ಲಗೆ ತೊಲೆಯವರೆಗೆ ತಂದಳು. ಮೂತಿ ದಾಟಿತು, ಡ್ರೈವರ್ ಕ್ಯಾಬಿನ್ ದಾಟಿತು, ಮುಚ್ಚಳ ದಾಟಲಿಲ್ಲ. ಓಣಿಯವರಿಗೆ ತಪ್ಪು ಮಾಡಿದ ಭಾವ. ಒಬ್ಬೊಬ್ಬರೂ ಒಂದೊಂದು ಉಪಾಯ ಹೇಳಿದರು. ಟೈರಿನ ಗಾಳಿ ಬಿಟ್ಟು ನೋಡಿದರು. ಗುಬಟು ಕಳಚಿದರೂ ಮುಚ್ಚಳದ ಅಂಚೇ ತೊಲೆಗೆ ತಾಕಿತು. ರಸ್ತೆ ಅಗೆಯೋಣ ಎಂದ ಒಬ್ಬ. ಕೆಳಗೆ ನೀರಿನ ಪೈಪು. ಗಾಡಿಯನ್ನು ಮಲಗಿಸಿ ಎಳೆಯೋಣ ಎಂದ ಇನ್ನೊಬ್ಬ. "ನಿನ್ನನ್ನೇ ಮಲಗಿಸಿ ಎಳೀತೀನಿ, ಹೋಗು" ಎಂದು ಮೇಸ್ತ್ರಿ ಅವನನ್ನು ಅಟ್ಟಿದ.

"ಮುಚ್ಚಳ ಒಂದನ್ನ ಕತ್ತರಿಸಿ ತೆಗೆದುಬಿಟ್ರೆ ಆಗಲ್ವಾ?" ಎಂದು ಅವಳೇ ಕೇಳಿದಳು.

ಅವನು ಬಹಳ ಹೊತ್ತು ಉಸಿರು ಎಳೆದುಕೊಂಡು ಹೇಳಿದ. "ಕೊಡೆ ನೋಡಿದ್ದೀಯಲ್ಲ. ಕಡ್ಡಿಗಳೆಲ್ಲ ನೆತ್ತಿಯಲ್ಲಿ ಒಂದು ಕಡೆ ಕೂಡ್ತವೆ. ಇದೂ ಹಾಗೇ. ಹೊಟ್ಟೆಯ ಪಕ್ಕೆಲುಬೆಲ್ಲ ಆ ಮುಚ್ಚಳದ ಕೆಳಗಿನ ಉಂಗುರಕ್ಕೆ ಬಂದು ಸೇರಿರೋದು. ಉಂಗುರ ಕಿತ್ರೆ ಹೊಟ್ಟೆ ಅಗಲಕ್ಕೆ ಬಿಚ್ಚಿಕೊಳ್ಳುತ್ತೆ. ಬಿಚ್ಚಿ ಮತ್ತೆ ಸಣ್ಣದಾಗಿ ಕಟ್ಟಬೇಕು. ಕಟ್ಟೋನು ಯಾರು?" ತನ್ನ ಎರಡೂ ಕೈಗಳನ್ನು ತೊಡೆಯ ಮೇಲೆ ಮಗುಚಿ ಇಟ್ಟುಕೊಂಡ. ಬೇರೆ ವೆಲ್ಡರನ್ನು ಕರೆಸೋಣ ಎಂದರೆ, "ನನ್ನ ಕೆಟಲಿಗೆ ಇನ್ನೊಬ್ಬನ ಕೈಯಾ?" ಎಂದು ಮುಖ ತಿರುಗಿಸಿದ.

ಓಣಿಯೊಳಗೇ ಗಾಡಿ ನಿಲ್ಲಿಸಿ ಮಾರಲು ನೋಡಿದಳು. ಆದರೆ ಲಾರಿ ನಿಂತ ಮೇಲೆ ಗೋದಾಮಿನವರು ಬೇರೆ ಕಡೆ ಹೋಗಿದ್ದರು, ಹಮಾಲರಿಲ್ಲ, ಡ್ರೈವರುಗಳಿಲ್ಲ. ಓಣಿಯವರು ದಾಕ್ಷಿಣ್ಯಕ್ಕೆ ಬಂದು ಒಂದೊಂದು ಲೋಟ ಕುಡಿದು ಹೋಗುತ್ತಿದ್ದರು. ಅವರ ಮನೆಯಲ್ಲೂ ಒಲೆಯಿದೆ; ಎಷ್ಟು ದಿನ ಕುಡಿದಾರು? ಕೊನೆಗೆ ದೊಡ್ಡ ಕ್ಯಾನಿನಲ್ಲಿ ಚಹಾ ತುಂಬಿ, ಹೊತ್ತುಕೊಂಡು ಬಸ್ ನಿಲ್ದಾಣಕ್ಕೆ ನಡೆದಳು. ಅವಳು ನಿಲ್ಲುತ್ತಿದ್ದ ಜಾಗದಲ್ಲಿ ಆಗಲೇ ಹಣ್ಣಿನ ರಸದವನೊಬ್ಬ ಬಂದು ನಿಂತಿದ್ದ. ಹಳೆಯ ಗಿರಾಕಿಗಳು "ಕೆಟಲ್ ಎಲ್ಲಿ?" ಎಂದು ಕೇಳಿದರು. ಅದೇ ಕೈ, ಅದೇ ಪುಡಿ, ಅದೇ ಹದ. ಆದರೂ ಕ್ಯಾನಿನ ಚಹಾ ಅವರ ನಾಲಗೆಗೆ ಹಿಡಿಸಲಿಲ್ಲ. ಅರ್ಧ ಕ್ಯಾನು ಚರಂಡಿಗೆ ಸುರಿದು ವಾಪಸಾಗುವಾಗ ಅವಳಿಗೆ ಅಳುವೂ ಬರಲಿಲ್ಲ, ಬರೀ ಸುಸ್ತು.

ಪಾಲಿಕೆಯ ಎಂಜಿನಿಯರ್ ಕೆಟ್ಟವನೇನಲ್ಲ. ಅವಳು ಹೇಳಿದ್ದನ್ನೆಲ್ಲ ಕೂರಿಸಿ ಕೇಳಿದ. "ಒಂದು ದಾರಿ ಇದೆ ಅಮ್ಮ. ತೊಲೆಗೆ ಬಿಜಾಗರಿ ಹಾಕಿ, ಬೀಗ ಇಟ್ಟು, ನೀವು ಹೋಗೋವಾಗ ಮಾತ್ರ ತೆಗೆಯೋ ಹಾಗೆ ಮಾಡಬಹುದು. ಆದರೆ ಆ ಮಗು ತಾಯಿ ಒಪ್ಪಬೇಕು. ಅವರು ಬೇಡ ಅಂದ್ರೆ ನಾನು ಅದನ್ನ ಮುಟ್ಟಲ್ಲ. ಮುಟ್ಟೋ ಧೈರ್ಯ ಈ ಕಚೇರೀಲಿ ಯಾರಿಗೂ ಇಲ್ಲ."

ಟೈಲರಮ್ಮನ ಮನೆ ಎಂದರೆ ಒಂದು ಕೋಣೆ. ಕಿಟಕಿಯ ಪಕ್ಕ ಯಂತ್ರ, ಗೋಡೆಯ ಮೊಳೆಗೆ ಹೊಲಿದ ಬಟ್ಟೆಗಳ ಗೊಂಚಲು, ಬಾಗಿಲ ಹಿಂದೆ ಶಾಲೆಯ ಚೀಲ. ಕೆಟಲಕ್ಕ ಚೀಲವನ್ನು ನೋಡಬಾರದೆಂದು ಯಂತ್ರದ ಗಾಲಿಯನ್ನೇ ನೋಡುತ್ತ ಕೂತಳು. ಬೀಗದ ಮಾತನ್ನು ಹೇಗೋ ಹೇಳಿ ಮುಗಿಸಿದಳು.

ಟೈಲರಮ್ಮ ಹೊಲಿಗೆ ನಿಲ್ಲಿಸಿ ದಾರವನ್ನು ಹಲ್ಲಿನಿಂದ ಕಡಿದಳು. "ಬೀಗ ಅಂದ್ಮೇಲೆ ಕೀಲಿ ಇರುತ್ತೆ ಅಕ್ಕ."

"ಕೀಲಿ ನನ್ನ ಹತ್ರಾನೇ ಇರುತ್ತೆ ಕಣೇ."

"ಇವತ್ತು ನಿನ್ನ ಹತ್ರ. ನಾಳೆ ಯಾರೋ ಮನೆ ಕಟ್ತಾರೆ, ಇಟ್ಟಿಗೆ ಲಾರಿ ಬರಬೇಕು, ಒಂದೇ ಒಂದು ಸಲ ತೆಗಿ ಅಂತಾರೆ. ನೀನು ಒಳ್ಳೆಯವಳು, ತೆಗೀತೀಯ. ಆಮೇಲೆ ಗೋದಾಮಿನವನು ವಾಪಸ್ ಬರ್ತಾನೆ." ಅವಳ ದನಿ ಏರಲೂ ಇಲ್ಲ, ನಡುಗಲೂ ಇಲ್ಲ. "ನನಗೆ ನೀನು ದಿನಾ ಚಹಾ ಕೊಟ್ಟಿದ್ದೀಯ. ನಾನು ಮರೆತಿಲ್ಲ. ಬೇರೆ ಏನಾದ್ರೂ ಕೇಳು. ಇದು ಮಾತ್ರ ಆಗಲ್ಲ."

ಹೊರಗೆ ಬಂದ ಕೆಟಲಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು. ಟೈಲರಮ್ಮ ಹೇಳಿದ ಒಂದು ಮಾತಿನಲ್ಲಾದರೂ ತಪ್ಪಿದ್ದಿದ್ದರೆ ಅದನ್ನೇ ಹಿಡಿದುಕೊಂಡು ಜಗಳ ಕಾಯಬಹುದಿತ್ತು. ಹುಡುಕಿದಳು, ಸಿಗಲಿಲ್ಲ. ಹುಡುಗಿಯೊಬ್ಬಳು ಸತ್ತ ಜಾಗದಲ್ಲಿ ನಿಂತು ತನ್ನ ಹೊಟ್ಟೆಪಾಡು ಎಂದು ಗೋಗರೆಯುವ ಸ್ಥಿತಿಗೆ ಬಂದೆನಲ್ಲ ಎಂದು ತನ್ನ ಮೇಲೆಯೇ ಹೇಸಿಗೆಯಾಯಿತು.

"ಏನಂದಳು?" ಎಂದ ಮೇಸ್ತ್ರಿ.

"ಆಗಲ್ಲ ಅಂದಳು."

"ನೀನು ಗಟ್ಟಿಯಾಗಿ ಕೇಳಿರಲ್ಲ."

"ಗಟ್ಟಿಯಾಗಿ ಕೇಳೋ ವಿಷಯಾನಾ ಅದು? ನೀವೇ ಹೋಗಿ ಕೇಳಿ. ಬಾಗಿಲ ಹಿಂದೆ ಮಗೂ ಚೀಲ ಇನ್ನೂ ನೇತಾಡ್ತಿದೆ. ನೋಡ್ಕೊಂಡು ಕೇಳಿ."

ಅವನು ಮತ್ತೆ ಮಾತಾಡಲಿಲ್ಲ. ಮಾತಾಡಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿದ್ದುಂಟು.

ಆ ವಾರವೇ ಬಸ್ ನಿಲ್ದಾಣದ ಜನಜಂಗುಳಿಯಲ್ಲಿ ಯಾರೋ ತಳ್ಳಿ, ಕ್ಯಾನಿನ ಮುಚ್ಚಳ ಹಾರಿ, ಕುದಿಯುವ ಚಹಾ ಅವಳ ಬಲತೋಳಿನ ಮೇಲೆ ಚೆಲ್ಲಿತು. ಬಟ್ಟೆ ಸುತ್ತಿಕೊಂಡು ಮನೆಗೆ ಬಂದಳು. ಮೇಸ್ತ್ರಿ ಆ ಬಟ್ಟೆಯನ್ನು ಮೆಲ್ಲಗೆ ಬಿಚ್ಚಿ, ಸುಲಿದ ಚರ್ಮವನ್ನು ನೋಡಿ, ಮುಲಾಮು ಹಚ್ಚಿ, ಮತ್ತೆ ಸುತ್ತಿದ. "ಆ ತೊಲೆ ಏನು ಮಹಾ? ಒಳಗೆ ಪೊಳ್ಳು ಅದು. ನಾನು ಬೆರಳಿಂದ ಬಡಿದು ನೋಡಿದ್ದೀನಿ" ಎಂದ. ನೋವಿನಲ್ಲಿದ್ದ ಅವಳು ಆ ಮಾತಿಗೆ ಅರ್ಥ ಹುಡುಕಲಿಲ್ಲ.

ಮರುದಿನ ಬೆಳಿಗ್ಗೆ ಅವಳು ನಲ್ಲಿಯ ಹತ್ತಿರ ಇದ್ದಾಗ ಹಿತ್ತಲಲ್ಲಿ ಎಂಜಿನ್ ಸದ್ದು ಕೇಳಿತು. ಓಡಿ ಬರುವಷ್ಟರಲ್ಲಿ ಕೆಟಲ್ ಓಣಿಗೆ ಇಳಿದಿತ್ತು. ಸ್ಟಿಯರಿಂಗ್ ಹಿಂದೆ ಮೇಸ್ತ್ರಿ ಬಾಯಿ ತೆರೆದು ಉಸಿರೆಳೆಯುತ್ತ ಮುಂದಕ್ಕೆ ಬಾಗಿ ಕೂತಿದ್ದ. ಅವಳು ಕೂಗಿದಳು, ಬಾಗಿಲು ಬಡಿದಳು. ಅವನು ಅವಳ ಕಡೆ ತಿರುಗಲಿಲ್ಲ. ಗಾಡಿ ವೇಗ ಹಿಡಿದು ಹೋಗಿ ತೊಲೆಗೆ ಹೊಡೆಯಿತು.

ತೊಲೆ ಬಾಗಲಿಲ್ಲ. ಮುಚ್ಚಳ ಉಂಗುರ ಸಮೇತ ಹರಿದು ಹಿಂದಕ್ಕೆ ಮಗುಚಿಕೊಂಡಿತು. ಅವನೇ ಹೇಳಿದಂತೆ ಹೊಟ್ಟೆ ಎರಡೂ ಕಡೆಗೆ ಬಿಚ್ಚಿಕೊಂಡು, ಪಕ್ಕೆಲುಬುಗಳು ಎರಡು ಕಂಬಗಳನ್ನೂ ಒತ್ತಿ ಹಿಡಿದವು. ಮೂತಿ ದೊಡ್ಡ ರಸ್ತೆಯಲ್ಲಿ, ಬೆನ್ನು ಓಣಿಯಲ್ಲಿ. ಓಣಿಯ ಬಾಯಿಗೆ ಬಿರಡೆ ಬಡಿದಂತಾಯಿತು.

ಮೇಸ್ತ್ರಿಗೆ ಗಾಯವಾಗಿರಲಿಲ್ಲ. ಕ್ಯಾಬಿನ್ನಿನಿಂದ ಗಾಡಿಯ ಒಳಗೇ ಹಾದು ಹಿಂಬಾಗಿಲಿನಿಂದ ಇಳಿದು, ಏನಾಗಿದೆ ಎಂದು ಮೇಲೆ ನೋಡಿದ. ಹರಿದ ಉಂಗುರವನ್ನು ನೋಡುತ್ತಲೇ ಎದೆ ಹಿಡಿದುಕೊಂಡು ಕೂತ. ತುಟಿ ನೀಲಿಗಟ್ಟಿತು. ಆಂಬುಲೆನ್ಸಿಗೆ ಯಾರೋ ಫೋನು ಮಾಡಿದರು. ಅದು ಬಂತು ಕೂಡ. ಬಂದು ಗಾಡಿಯ ಆಚೆ ನಿಂತು ಕೂಗತೊಡಗಿತು. ಈಚೆ ಅವನು, ಆಚೆ ಅದು, ನಡುವೆ ಕೆಟಲ್. ಕಂಬ ಮತ್ತು ತಗಡಿನ ನಡುವೆ ಕೈ ತೂರುವಷ್ಟೂ ಸಂದಿಲ್ಲ.

ಕೆಟಲಕ್ಕ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು, ಬುದ್ಧಿಯೇ ಓಡಲಿಲ್ಲ. ಆಗ ಟೈಲರಮ್ಮ ದಪ್ಪ ಹೊದಿಕೆಯೊಂದನ್ನು ತಂದು ಪಕ್ಕದಲ್ಲಿ ಹಾಸಿದಳು. "ಗಾಡಿ ಒಳಗಿಂದಾನೇ ದಾಟಿಸೋಣ. ಏಳು ಅಕ್ಕ. ತಲೆ ಕಡೆ ನೀನು ಹಿಡಿ."

ಹೊದಿಕೆಯ ಜೋಲಿಯಲ್ಲಿ ಅವನನ್ನು ಎತ್ತಿದರು. ಹಿಂಬಾಗಿಲಿನಿಂದ ಹತ್ತಿಸಿ, ಒಲೆ ಮತ್ತು ಪಾತ್ರೆಗಳ ನಡುವೆ ಓರೆಯಾಗಿ, ಬಾಗಿದ ತಗಡಿಗೆ ಅವನ ಮುಖ ತಗುಲದಂತೆ ಟೈಲರಮ್ಮ ಕೈ ಅಡ್ಡ ಹಿಡಿದು, ಎರಡು ಸೀಟುಗಳ ಸಂದಿಯಿಂದ ಕ್ಯಾಬಿನ್ನಿಗೆ, ಅಲ್ಲಿಂದ ಡ್ರೈವರ್ ಬಾಗಿಲಿನ ಮೂಲಕ ಆಚೆ. ಕೆಟಲಕ್ಕನ ಬೆಂದ ತೋಳಿನ ಚರ್ಮ ಬಟ್ಟೆಯೊಂದಿಗೆ ಎದ್ದು ಬಂದದ್ದು ಅವಳಿಗೆ ಗೊತ್ತಾದದ್ದು ಆಸ್ಪತ್ರೆಯಲ್ಲಿ.

ಅವನು ಉಳಿದ. ಹಾಗೆಂದು ಡಾಕ್ಟರು ಹೇಳಿದರು. ಮೂಗಿಗೆ ನಳಿಗೆ, ಹಾಸಿಗೆಗೆ ಅಂಟಿದ ಬೆನ್ನು, ಅದನ್ನು ಉಳಿಯುವುದು ಎನ್ನುವುದಾದರೆ. ಓಣಿ ತೆರವು ಮಾಡಲು ಪಾಲಿಕೆಯವರು ಗ್ಯಾಸ್ ಕಟರ್ ತಂದಾಗ ಅವಳು ವಾರ್ಡಿನಿಂದ ಎದ್ದು ಬಂದಳು. ಎಲ್ಲಿ ಕೊಯ್ಯಬೇಕೆಂದು ತಿಳಿಯದೆ ಅವರು ಕಂಡಕಂಡಲ್ಲಿ ಬೆಂಕಿ ಇಡುವುದರಲ್ಲಿದ್ದರು. ಆ ಪಕ್ಕೆಲುಬುಗಳನ್ನು ಬೆಸೆಯುವಾಗ ಒಂದೊಂದನ್ನೂ ಕೈಯಲ್ಲಿ ಹಿಡಿದು ನಿಂತವಳು ಅವಳು. ತಾನೇ ಬೆರಳಿಟ್ಟು ತೋರಿಸಿದಳು. ಕೊಯ್ದಾಗ ಒಂದೊಂದೂ ಕಿಡಿ ಉದುರಿಸುತ್ತ ಕೆಳಗೆ ಬಿತ್ತು. ಬಿದ್ದದ್ದನ್ನು ಪಕ್ಕಕ್ಕೆ ಎಳೆದು ಒಟ್ಟಿದಳು.

"ಗಾಡಿ ಬಂತಾ ಹೊರಗೆ?" ಎಂದ ಮೇಸ್ತ್ರಿ ಅವಳು ವಾರ್ಡಿಗೆ ಮರಳಿದಾಗ, ನಳಿಗೆಯನ್ನು ಒಂದು ಗಳಿಗೆ ಸರಿಸಿ.

"ಬಂತು."

"ಪಕ್ಕೆಲುಬನ್ನ ತುದೀಲಿ ಕತ್ತರಿಸಿದ್ರಾ, ಬುಡದಲ್ಲಾ?"

ಸುಳ್ಳು ಹೇಳೋಣವೆಂದುಕೊಂಡಳು. ಅವನಿಗೆ ಸುಳ್ಳು ತಿಳಿದುಹೋಗುತ್ತದೆ. "ಬುಡದಲ್ಲೇರೀ."

"ಹಾಗಾದ್ರೆ ಅದು ಹೋಯ್ತು" ಎಂದು ಗೋಡೆಯ ಕಡೆ ಹೊರಳಿದ. ಅವಳು ಅವನ ಬೆನ್ನ ಮೇಲೆ ಕೈಯಿಟ್ಟಳು. ಅವನು ಆ ಕೈಯನ್ನು ತಳ್ಳಲೂ ಇಲ್ಲ, ಹಿಡಿದುಕೊಳ್ಳಲೂ ಇಲ್ಲ.

ಉಳಿದದ್ದು ಸೊಂಟದವರೆಗಿನ ತಗಡು, ಒಲೆ, ಚಕ್ರ. ಅದನ್ನೇ ಓಡಿಸಿಕೊಂಡು ಹೋಗಿ ಆಸ್ಪತ್ರೆಯ ಗೇಟಿನಲ್ಲಿ ನಿಲ್ಲಿಸಿದಳು. ಅಲ್ಲಾದರೆ ನಡುನಡುವೆ ಒಳಗೆ ಹೋಗಿ ಅವನನ್ನು ನೋಡಬಹುದು. "ಇದೇನಮ್ಮ, ಬಾಣಲೆ ಗಾಡೀನಾ?" ಎಂದು ರೋಗಿಯ ಕಡೆಯವನೊಬ್ಬ ತಮಾಷೆ ಮಾಡಿದ. ಅವಳು ಹೌದೆಂದು ತಲೆಯಾಡಿಸಿ ಚಹಾ ಸೋಸಿದಳು. ಮಳೆ ಬಂದರೆ ಒಲೆ ಆರುತ್ತಿತ್ತು, ಬಿಸಿಲು ಬಂದರೆ ತಲೆ ಸಿಡಿಯುತ್ತಿತ್ತು.

ಒಂದು ಮಧ್ಯಾಹ್ನ ಟೈಲರಮ್ಮ ಗೇಟಿಗೆ ಬಂದು, ಕೊರಳಲ್ಲಿದ್ದ ಟೇಪು ಬಿಚ್ಚಿ ಗಾಡಿಯ ಅಳತೆ ತೆಗೆಯತೊಡಗಿದಳು.

"ಬೇಡ" ಎಂದಳು ಕೆಟಲಕ್ಕ.

"ಕ್ಯಾನ್ವಾಸ್ ತಂದಿಟ್ಟಿದ್ದೀನಿ ಅಕ್ಕ."

"ನನಗೆ ನಿನ್ನ ಮೇಲೆ ಸಿಟ್ಟಿದೆ."

"ಗೊತ್ತು."

"ನೀನು ಮಾಡಿದ್ದು ಸರಿ ಅಂತಾನೂ ಗೊತ್ತಿದೆ ನನಗೆ. ಅದಕ್ಕೇ ಸಿಟ್ಟು ಹೋಗ್ತಾ ಇಲ್ಲ."

"ಅದೂ ಗೊತ್ತು. ಆ ತುದಿ ಹಿಡ್ಕೋ."

ಕೆಟಲಕ್ಕ ಟೇಪಿನ ತುದಿ ಹಿಡಿದಳು. ಕ್ಯಾನ್ವಾಸಿನ ಛಾವಣಿ ಗಟ್ಟಿಯಾಗಿಯೇ ಬಂತು. ಮಳೆ ಒಳಗೆ ಇಳಿಯಲಿಲ್ಲ. ಮೇಸ್ತ್ರಿಗೆ ಅದನ್ನು ಹೇಳಿದಾಗ ಅವನು ಗೋಡೆಯ ಕಡೆ ಮುಖ ಮಾಡಿಯೇ ಕೇಳಿಸಿಕೊಂಡ. ವಾರ್ಡಿನ ಕಿಟಕಿಯಿಂದ ಗೇಟು ಕಾಣುತ್ತಿತ್ತು. ದಿಂಬು ಏರಿಸಿ ಕೂರಿಸುತ್ತೇನೆ, ನೋಡಿ ಎಂದು ನರ್ಸ್ ಎಷ್ಟು ಸಲ ಹೇಳಿದರೂ ಒಪ್ಪಲಿಲ್ಲ. ಚಳಿ ಮುಗಿಯುವ ಹೊತ್ತಿಗೆ ಅವನ ಉಸಿರೂ ಮುಗಿಯಿತು. ಅವಳು ಆಗ ಗೇಟಿನಲ್ಲಿ ಯಾರಿಗೋ ಲೋಟ ತೊಳೆಯುತ್ತಿದ್ದಳು.

ಈಗಲೂ ಅವಳ ಗಾಡಿ ಬೆಳಗಾದರೆ ತೊಲೆಯ ಕೆಳಗೆ ಸಲೀಸಾಗಿ ಹಾದು ಹೊರಗೆ ಹೋಗುತ್ತದೆ. ಬಸ್ ನಿಲ್ದಾಣದ ಹಳೆಯ ಜಾಗ ಖಾಲಿಯಾಗಿದೆ, ಬಾ ಎಂದು ಗೊತ್ತಿದ್ದವರು ಕರೆದರು. ಅವಳು ಹೋಗಲಿಲ್ಲ. ಆಸ್ಪತ್ರೆಯ ಗೇಟಿಗೇ ಹೋಗಿ ನಿಲ್ಲುತ್ತಾಳೆ. ಮಧ್ಯಾಹ್ನ ಒಲೆ ಸಣ್ಣದು ಮಾಡಿ, ಸೆರಗಿಗೆ ಕೈ ಒರೆಸಿಕೊಂಡು, ಒಳಗೆ ಹೋಗಲು ನಾಲ್ಕು ಹೆಜ್ಜೆ ಇಟ್ಟು, ಹೋಗಿ ಮಾಡುವುದೇನೆಂದು ನೆನಪಾಗಿ ಅಲ್ಲೇ ನಿಂತುಬಿಡುತ್ತಾಳೆ. ಚಹಾ ಕೇಳಲು ಬಂದವರು ಒಂದು ಸಲ, ಎರಡು ಸಲ ಕರೆದ ಮೇಲೆ ತಿರುಗಿ ಬರುತ್ತಾಳೆ.